ಚಿಕ್ಕವಳ ಒತ್ತುಬ್ರೆಡ್ಡು

ಐವತ್ತು ದಾಟಿ, ತಲೆಯಲ್ಲಿ ಕಪ್ಪಿಗಿಂತ ಬಿಳುಪು ಹೆಚ್ಚಾದ ಮೇಲೂ ಅವಳು ಮನೆಯವರ ಬಾಯಲ್ಲಿ ಚಿಕ್ಕವಳೇ. ಅವಳ ಅಕ್ಕ ದೊಡ್ಡವಳು. ವಯಸ್ಸಿನಲ್ಲಿ ಇಬ್ಬರಿಗೂ ಅಂಥ ಅಂತರವೇನಿಲ್ಲ. ಒಲೆಯ ಮುಂದೆ ನಿಲ್ಲಿಸಿದರೆ ಮಾತ್ರ ಆನೆಗೂ ಆಡಿಗೂ ಇರುವಷ್ಟು.

ಅವರದು ಅಡುಗೆಯವರ ಮನೆ. ಅಮ್ಮ ಮದುವೆ, ಸಮಾರಂಭಗಳಿಗೆ ಅಡುಗೆ ವಹಿಸಿಕೊಳ್ಳುತ್ತಿದ್ದವಳು. ಬಾಣಲೆಗೆ ಈರುಳ್ಳಿ ಬಿದ್ದ ಸದ್ದು ಕೇಳಿಯೇ, ಇತ್ತ ತಿರುಗಿ ಕೂಡ ನೋಡದೆ, "ಎಣ್ಣೆ ಇನ್ನೂ ಕಾದಿಲ್ಲ, ಕಾಯೋಕೆ ಬಿಡು" ಅನ್ನುವಂಥ ಕಿವಿ ಅವಳದು. ದೊಡ್ಡ ಮದುವೆಯಾದರೆ ಮೊದಲು ಅವಳ ಬಿಡುವು ಕೇಳಿಕೊಂಡು, ಆಮೇಲೆ ದಿನ ಗೊತ್ತುಮಾಡುವವರೂ ಇದ್ದರು. ದೊಡ್ಡವಳು ಅಮ್ಮನದೇ ಅಚ್ಚು. ಕಣ್ಣಳತೆಯಲ್ಲಿ ಉಪ್ಪು ಹಾಕಿದರೆ ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಚಿಕ್ಕವಳಿಗೆ ಮಾತ್ರ ಆ ಕೈಗುಣ ಬರಲೇ ಇಲ್ಲ.

ಪ್ರಯತ್ನಪಡಲಿಲ್ಲವೆಂದಲ್ಲ. ಹುಡುಗಿಯಾಗಿದ್ದಾಗ ಒಂದು ಮದುವೆಯಲ್ಲಿ ಅಮ್ಮ ಅವಳನ್ನು ಅನ್ನದ ಹಂಡೆಯ ಪಕ್ಕದಲ್ಲಿ ನಿಲ್ಲಿಸಿ, "ಇಲ್ಲಿಂದ ಕದಲಬೇಡ. ಏನೂ ಮಾಡಬೇಡ. ನೋಡ್ತಾ ನಿಂತ್ಕೋ, ಅಷ್ಟೇ" ಎಂದು ಹೇಳಿ ಹೋದಳು. ಪಕ್ಕದ ಹಜಾರದಲ್ಲಿ ಊಟದ ಮೇಜುಗಳಿಗೆ ಬಿಳಿ ಬಟ್ಟೆ ಹಾಸಿದ್ದರು. ಹಾಸಿದವರು ಅದ್ಯಾವ ಅವಸರದಲ್ಲಿದ್ದರೋ, ಒಂದೊಂದು ಬಟ್ಟೆಯೂ ಈಗಷ್ಟೇ ಎದ್ದು ಹೋದವರ ಹಾಸಿಗೆಯ ಹಾಗೆ ಸುಕ್ಕುಸುಕ್ಕು. ಚಿಕ್ಕವಳ ಕಣ್ಣು ಅತ್ತ ಹೋಯಿತು. ಕಣ್ಣಿನ ಹಿಂದೆ ಕಾಲೂ ಹೋಯಿತು. ಒಂದು ಮೇಜಿನ ಸುಕ್ಕು ತೀಡಿ, ಅಂಚು ಎಳೆದು ಸರಿಮಾಡಿದಳು. ಒಂದು ಸರಿಯಾದ ಮೇಲೆ ಅದರ ಪಕ್ಕದ್ದು ಕಣ್ಣಿಗೆ ಚುಚ್ಚದೆ ಇರುತ್ತದೆಯೇ? ಅದನ್ನೂ ಮಾಡಿದಳು. ಮೂಗಿಗೆ ವಾಸನೆ ಬಡಿದು ಓಡಿ ಬರುವಷ್ಟರಲ್ಲಿ ಹಂಡೆಯ ತಳದ ಅನ್ನ ಇದ್ದಿಲಾಗಿತ್ತು.

ಅಮ್ಮ ಬೈಯಲಿಲ್ಲ. ಮೇಲಿನ ಅನ್ನವನ್ನು ಬೇರೆ ಪಾತ್ರೆಗೆ ತೆಗೆಸಿ, ಚಿಕ್ಕವಳು ಗಾಬರಿಯಲ್ಲಿ ಎತ್ತಿಕೊಂಡಿದ್ದ ಸೌಟನ್ನು ಸುಮ್ಮನೆ ತೆಗೆದುಕೊಂಡಳು. ಆ ಸೌಟು ಮತ್ತೆ ಅವಳ ಕೈಗೆ ಬರಲಿಲ್ಲ. "ನೀರು ಕಾಯೋಕಿಟ್ಟರೂ ಸೀಯಿಸ್ತಾಳೆ ನಮ್ಮ ಚಿಕ್ಕವಳು" ಅನ್ನುವುದು ಮನೆಯ ಗಾದೆಯೇ ಆಗಿಹೋಯಿತು.

ಅವಳು ಕೆಲಸಕ್ಕೆ ಸೇರಿದ್ದು ಒಂದು ದೊಡ್ಡ ಹೋಟೆಲಿನ ಲಾಂಡ್ರಿಗೆ. ಹೋಟೆಲಿನ ಮೇಲೆಲ್ಲ ಗಾಜು, ದೀಪ, ಮೆತ್ತಗೆ ಮಾತಾಡುವ ಜನ. ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಗುಡುಗುತ್ತಿದ್ದವು, ಹಬೆಯಲ್ಲಿ ಗೋಡೆ ಸದಾ ಬೆವರುತ್ತಿತ್ತು, ಪಕ್ಕದವಳಿಗೆ ಗುಟ್ಟು ಹೇಳಬೇಕಾದರೂ ಕೂಗಿ ಹೇಳಬೇಕಾಗಿತ್ತು. ಹಾಗಾಗಿ ಅಲ್ಲಿ ಗುಟ್ಟೆಂಬುದೇ ಇರಲಿಲ್ಲ. ಹಾಸಿಗೆಯ ಹೊದಿಕೆಗಳು ದೊಡ್ಡ ಉರುಳೆಯ ಯಂತ್ರಕ್ಕೆ ಹೋಗುತ್ತಿದ್ದವು. ಅತಿಥಿಗಳ ಅಂಗಿ, ಅಡುಗೆಯವರ ಬಿಳಿ ಕೋಟು, ಔತಣದ ಮೇಜುಬಟ್ಟೆ ಮಾತ್ರ ಕೈ ಇಸ್ತ್ರಿಗೆ ಬರುತ್ತಿದ್ದವು.

ಮೊದಲ ವಾರದಲ್ಲೇ ಚಿಕ್ಕವಳಿಗೆ ಗೊತ್ತಾಯಿತು, ತನ್ನ ಕೈಗುಣ ಇಷ್ಟು ವರ್ಷ ಎಲ್ಲಿ ಅಡಗಿ ಕೂತಿತ್ತು ಎಂದು. ಕಾಲರನ್ನು ತುದಿಯಿಂದ ನಡುವಿಗೆ ಒತ್ತಬೇಕು, ನಡುವಿನಿಂದ ತುದಿಗೆ ಒತ್ತಿದರೆ ಮೂಲೆಯಲ್ಲಿ ಸುಕ್ಕು ಕೂರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಅವಳು ಒತ್ತಿದ ತೋಳಿನ ಗೆರೆ ನೋಡಿ, ಯಂತ್ರದಣ್ಣ ಎಂದು ಎಲ್ಲರೂ ಕರೆಯುತ್ತಿದ್ದ ಒಗೆಯುವವನು, "ಇದರಲ್ಲಿ ತರಕಾರಿ ಹೆಚ್ಚಬಹುದಲ್ಲಮ್ಮಾ" ಅಂದ. ಅಲ್ಲಿನವರು ಅವಳಿಗಿಟ್ಟ ಹೆಸರು ಗರಿಗರಿ ಅಕ್ಕ.

ಕೆಲಸದ ಬಗ್ಗೆ ಅವಳಿಗೆ ಬಿಂಕವಿತ್ತು. ಅದನ್ನು ಮುಚ್ಚಿಟ್ಟುಕೊಳ್ಳುವವಳೂ ಅಲ್ಲ. ಗಂಡ ಲಾರಿ ಓಡಿಸುವವನು, ವಾರದಲ್ಲಿ ಒಂದೆರಡು ದಿನ ಮನೆಯಲ್ಲಿರುತ್ತಿದ್ದ. ಅವನು ಕರೆದುಕೊಂಡು ಹೋಗಲು ಬಂದಾಗಲೆಲ್ಲ ಅವನನ್ನು ಹೋಟೆಲಿನ ಎದುರಿನ ಫುಟ್‌ಪಾತಿನಲ್ಲಿ ನಿಲ್ಲಿಸಿಕೊಂಡು, ಬಾಗಿಲಿನಿಂದ ಹೊರಬರುವವರನ್ನು ತೋರಿಸುತ್ತಿದ್ದಳು. "ಅಗೋ, ನೀಲಿ ಅಂಗಿ. ನನ್ನ ಕಾಲರು ಹೋಗ್ತಾ ಇದೆ ನೋಡು."

"ಕಾಲರಿನ ಒಳಗಿರೋ ಮನುಷ್ಯ ಯಾರು?"

"ಯಾರಾದ್ರೇನು? ಕಾಲರು ನೋಡು."

ಅಮ್ಮ ಮಾತ್ರ ಈ ಬಿಂಕವನ್ನು ಕಂಡವಳಲ್ಲ. ಯಾರಾದರೂ ಚಿಕ್ಕ ಮಗಳ ಬಗ್ಗೆ ಕೇಳಿದರೆ, "ದೊಡ್ಡ ಹೋಟೆಲಿನಲ್ಲಿದ್ದಾಳೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು. ಅಡುಗೆಯವಳ ಮಗಳು ಹೋಟೆಲಿನಲ್ಲಿದ್ದಾಳೆ ಅಂದರೆ ಕೇಳಿದವರು ತಮಗೆ ತೋಚಿದ್ದು ತಿಳಿದುಕೊಳ್ಳುತ್ತಿದ್ದರು. ಅಮ್ಮ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಚಿಕ್ಕವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ.

ಇನ್ನು ಅವಳ ಊಟದ ಸಂಗತಿ. ಲಾಂಡ್ರಿಯಲ್ಲಿ ಮಧ್ಯಾಹ್ನದ ಬಿಡುವು ಚಿಕ್ಕದು, ಡಬ್ಬಿ ಬಿಸಿಮಾಡಲು ಒಲೆಯಿಲ್ಲ. ಬೆಳಿಗ್ಗೆ ಕಟ್ಟಿಕೊಂಡು ಬಂದ ಬ್ರೆಡ್ಡು ಮಧ್ಯಾಹ್ನಕ್ಕೆ ತಣ್ಣಗಾಗಿ, ಒದ್ದೆ ಕಾಗದದ ಹಾಗೆ ಜೋಲುತ್ತಿತ್ತು. ಒಂದು ದಿನ ಹಾಗೆ ಜೋತ ಬ್ರೆಡ್ಡನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಪಕ್ಕದಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಕಂಡಿತು. ಸುಕ್ಕಾದದ್ದನ್ನು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲವಲ್ಲ. ಎರಡು ತುಂಡು ಬ್ರೆಡ್ಡಿನ ಹೊರಗೆ ಡಬ್ಬಿಯಲ್ಲಿದ್ದ ಬೆಣ್ಣೆ ಸವರಿ, ನಡುವೆ ಜೊತೆಗೆ ತಂದಿದ್ದ ಬೆಂದ ಆಲೂಗಡ್ಡೆ ಹಿಸುಕಿ ಉಪ್ಪು ಮೆಣಸಿನಪುಡಿ ಉದುರಿಸಿ, ತಿಂಡಿ ಸುತ್ತಿ ತಂದಿದ್ದ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆಯಲ್ಲೇ ಬಿಗಿಯಾಗಿ ಮಡಚಿದಳು. ಹಬೆ ನಿಲ್ಲಿಸಿ, ಶಾಖವನ್ನು ಹತ್ತಿಬಟ್ಟೆಯ ಗುರುತಿಗೆ ತಿರುಗಿಸಿ, ಮೇಲಿಂದ ಒತ್ತಿ ಹಿಡಿದಳು. ಚುಂಯ್ ಅಂದಿತು. ಮಗುಚಿ ಇನ್ನೊಂದು ಕಡೆಯೂ ಒತ್ತಿದಳು. ಬಿಚ್ಚಿದರೆ ಹೊಂಬಣ್ಣ, ಅಂಗೈ ದಪ್ಪವಿದ್ದದ್ದು ಬೆರಳು ದಪ್ಪವಾಗಿದೆ, ಕಚ್ಚಿದರೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಬಾಯಿ ಸುಡುವ ಬಿಸಿ.

ಎರಡನೇ ತುತ್ತಿಗೆ ಲಾಂಡ್ರಿಯ ಮೇಸ್ತ್ರಿ ಹಿಂದೆ ಬಂದು ನಿಂತಿದ್ದ. "ಏನ್ರೀ ಇದು? ನಾಳೆ ಅತಿಥಿಗಳ ಅಂಗಿಗೆ ಬೆಣ್ಣೆ ಹತ್ತಿದ್ರೆ?"

ಅವಳು ಪೆಟ್ಟಿಗೆಯನ್ನು ಮಗುಚಿ ತೋರಿಸಿದಳು. ಅದರ ತಳ ಕನ್ನಡಿಯ ಹಾಗಿತ್ತು. "ಬೆಣ್ಣೆ ಹತ್ತಿಲ್ಲ ಸಾರ್. ಹತ್ತೋದೂ ಇಲ್ಲ."

ಮೇಸ್ತ್ರಿ ತಳ ನೋಡಿದ, ಅವಳ ಕೈಯಲ್ಲಿದ್ದದ್ದನ್ನು ನೋಡಿದ, ಮೂಗಿನಿಂದ ಒಮ್ಮೆ ಉಸಿರೆಳೆದುಕೊಂಡ. "ಅಂಗಿಯ ಪೆಟ್ಟಿಗೆ ಬೇಡ. ಹಬೆ ಕೆಟ್ಟ ಹಳೇದೊಂದು ಮೂಲೇಲಿ ಬಿದ್ದಿದೆ, ಅದನ್ನ ಇಟ್ಕೊಳ್ಳಿ" ಅಂದ. ಆಮೇಲೆ, ದನಿ ತಗ್ಗಿಸಿ, "ನನ್ನ ಡಬ್ಬಿಯಲ್ಲೂ ಬ್ರೆಡ್ಡೇ ಇದೆ" ಅಂದ.

ಅಲ್ಲಿಂದ ಅದು ಲಾಂಡ್ರಿಯ ಪದ್ಧತಿಯಾಯಿತು. ಆಲೂಗಡ್ಡೆ ಇಲ್ಲದ ದಿನ ಬಾಳೆಹಣ್ಣು, ಸಕ್ಕರೆ. ಅದೂ ಇಲ್ಲದ ದಿನ ಬರೀ ಈರುಳ್ಳಿ. ಮನೆಯಲ್ಲಿ ಗಂಡನಿಲ್ಲದ ದಿನಗಳಲ್ಲೂ ಅವಳು ಬೇರೆ ಅಡುಗೆಗೆ ಹೋಗುತ್ತಿರಲಿಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುತ್ತಾರಲ್ಲ. ಪರರ ನೋಟಕ್ಕೆ ಬೇಕಾದದ್ದನ್ನೆಲ್ಲ ದಿನವಿಡೀ ನಿಂತು ಒತ್ತಿದವಳಿಗೆ, ಊಟವಾದರೂ ತನ್ನ ಇಚ್ಛೆಯದು ಬೇಡವೇ? ತಟ್ಟೆ ಹಿಡಿದು ಕಿಟಕಿಯ ಪಕ್ಕ ಕೂತು, ಕೆಳಗಿನ ಬೀದಿಯನ್ನು ನೋಡುತ್ತಾ ಅವಳು ತಿನ್ನುವಾಗ ಅರಸಿಯ ಗತ್ತಿರುತ್ತಿತ್ತು.

ವರ್ಷಗಳು ಕಳೆದವು. ಅಮ್ಮನಿಗೆ ವಯಸ್ಸಾಯಿತು, ಅಡುಗೆಯ ಉಸ್ತುವಾರಿ ಪೂರ್ತಿ ದೊಡ್ಡವಳ ಕೈಗೆ ಬಂತು. ಅಮ್ಮ ಅವಳ ಜೊತೆಯಲ್ಲೇ, ಅಡುಗೆ ಶೆಡ್ಡಿನ ಮೇಲಿನ ಮನೆಯಲ್ಲಿದ್ದಳು. ರುಚಿ ನೋಡಿ ಹೇಳುವ ಕೆಲಸ ಮಾತ್ರ ಇನ್ನೂ ಅವಳದೇ. ಆಗ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಅಮ್ಮನ ರುಚಿಯನ್ನೂ ವಾಸನೆಯನ್ನೂ ಹೊತ್ತುಕೊಂಡು ಹೋಯಿತು.

"ನಾಲಿಗೆ ಮರದ ಹಲಗೆ ಆಗಿದೆ ಕಣೇ" ಅಂದಳು ಅಮ್ಮ ಫೋನಿನಲ್ಲಿ. ಡಾಕ್ಟರು, ನಿಧಾನಕ್ಕೆ ಬರಬಹುದು, ಬಾರದೆಯೂ ಇರಬಹುದು, ಹೊಟ್ಟೆಗೆ ಮಾತ್ರ ಬಿಡದೆ ಹಾಕುತ್ತಿರಿ ಎಂದಿದ್ದರು. ಹಾಡುವವನಿಗೆ ಕಿವಿ ಹೋದ ಹಾಗೆ ಅದು. ದೊಡ್ಡವಳು ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದಳು. ಕೋಳಿಯ ಎಲುಬನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಸಣ್ಣ ಉರಿಯಲ್ಲಿ ಬೇಯಿಸಿ ಸೂಪು ಮಾಡಿದಳು, ಮೀನು ಮಾಡಿದಳು, ಕೆನೆ ಹಾಕಿ ಸಿಹಿ ಮಾಡಿದಳು. ಅಮ್ಮ ಒಂದು ತುತ್ತು ಬಾಯಿಗಿಟ್ಟು, ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ತಿರುಗುತ್ತಿದ್ದಳು. ಕೆನ್ನೆಯ ಮೂಳೆ ಎದ್ದು ಕಾಣತೊಡಗಿತು.

ಅದೇ ಹೊತ್ತಿಗೆ ಮದುವೆಗಳ ಕಾಲವೂ ಶುರುವಾಯಿತು. ದೊಡ್ಡವಳು ಚಿಕ್ಕವಳನ್ನು ಕರೆದು, ಮೊದಲ ಸಲ ಸೋತ ದನಿಯಲ್ಲಿ ಮಾತಾಡಿದಳು. "ಒಂದಷ್ಟು ದಿನ ನಿನ್ನ ಹತ್ತಿರ ಇಟ್ಕೋತೀಯಾ? ಊಟ ನಾನೇ ಕಳಿಸ್ತೀನಿ. ನೀನೇನೂ ಮಾಡೋಕೆ ಹೋಗಬೇಡ."

"ಏನೂ ಮಾಡಲ್ಲ ಬಿಡು" ಅಂದಳು ಚಿಕ್ಕವಳು.

ಆದರೂ ಅಮ್ಮ ಬಂದ ದಿನ ಅವಳು ಕೆಲಸಕ್ಕೆ ಒಂದಷ್ಟು ದಿನ ರಜ ಹಾಕಿ ಅಡುಗೆಗೆ ನಿಂತಳು. ಎಷ್ಟಾದರೂ ಅಮ್ಮ, ಮೊದಲ ಸಲ ಮನೆಯಲ್ಲಿ ಉಳಿಯಲು ಬಂದಿದ್ದಾಳೆ. ಅನ್ನ ಮುದ್ದೆಯಾಯಿತು, ತರಕಾರಿ ಹಸಿಯಾಗಿ ಉಳಿಯಿತು. ಅಮ್ಮ ಎರಡನ್ನೂ ನೋಡಿ, "ನನಗೆ ರುಚಿ ಗೊತ್ತಾಗಲ್ಲ ಅನ್ನೋ ಧೈರ್ಯದ ಮೇಲೆ ಮಾಡಿದ್ಯಾ?" ಅಂದಳು. ಇಬ್ಬರೂ ನಕ್ಕರು, ಆದರೆ ತಟ್ಟೆ ಹಾಗೇ ಉಳಿಯಿತು. ದೊಡ್ಡವಳು ಕಳಿಸಿದ ಕ್ಯಾರಿಯರು ಕೂಡ ಬಂದ ಹಾಗೇ ವಾಪಸು ಹೋಯಿತು.

ಮಾರನೆಯ ಮಧ್ಯಾಹ್ನ ಅಮ್ಮ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಚಿಕ್ಕವಳಿಗೆ ಹಸಿವಾಯಿತು. ಅಮ್ಮನಿಗೆ ತೋರಿಸುವಂಥ ಊಟವಲ್ಲ ಎಂದುಕೊಂಡು, ಸದ್ದಾಗದ ಹಾಗೆ ಇಸ್ತ್ರಿ ಮೇಜನ್ನು ಬಿಡಿಸಿ, ಹಳೇ ಪೆಟ್ಟಿಗೆಯನ್ನು ಕಾಯಲಿಟ್ಟಳು. ಲಾಂಡ್ರಿಗೆ ಹೊಸ ಪೆಟ್ಟಿಗೆಗಳು ಬಂದಾಗ ಮೇಸ್ತ್ರಿ ಅದನ್ನು ಅವಳಿಗೇ ಕೊಟ್ಟುಬಿಟ್ಟಿದ್ದ. ಆಲೂಗಡ್ಡೆ, ಮೆಣಸಿನಪುಡಿ, ಎರಡು ತುಂಡು ಬ್ರೆಡ್ಡು. ಒತ್ತಿ, ಮಗುಚಿ, ಬಿಚ್ಚಿ, ಕಿಟಕಿಯ ಪಕ್ಕ ಕೂತು ಕಚ್ಚಿದಳು.

ಕರುಂ ಅಂದಿತು.

ಅಮ್ಮನ ಕಣ್ಣು ತೆರೆಯಿತು. "ಏನದು?"

"ಏನಿಲ್ಲಮ್ಮ, ಮಲಕ್ಕೋ."

"ಇನ್ನೊಂದು ಸಲ ಕಚ್ಚು."

ಚಿಕ್ಕವಳು ಕಚ್ಚಿದಳು. ಅಮ್ಮ ಮೊಣಕೈ ಊರಿ ಎದ್ದು ಕೂತಳು. ನಾಲಿಗೆ ಹೋಗಿತ್ತು, ಮೂಗು ಹೋಗಿತ್ತು, ಆದರೆ ಆ ಹಳೆಯ ಕಿವಿ ಎಲ್ಲಿಗೂ ಹೋಗಿರಲಿಲ್ಲ. "ಅದರ ಅಂಚು ಸರಿಯಾಗಿ ಕೆಂಪಾಗಿದೆ" ಅಂದಳು, ನೋಡದೆಯೇ. "ನನಗೂ ಒಂದು ಒತ್ತು."

ಚಿಕ್ಕವಳು ಇನ್ನೊಂದನ್ನು ಒತ್ತಿ ಅಮ್ಮನ ಕೈಗಿಟ್ಟಳು. ಅತಿಥಿಗಳ ರೇಷ್ಮೆ ಅಂಗಿಯನ್ನೂ ಅವಳು ಅಷ್ಟು ಜೋಪಾನವಾಗಿ ಒತ್ತಿರಲಿಲ್ಲ. ಅಮ್ಮ ತುಂಡನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ಸದ್ದು ಕೇಳಿದಳು. ಆಮೇಲೆ ಕಚ್ಚಿದಳು. ಬಿಸಿ ತಿಳಿಯಿತು, ಗರಿಗರಿ ತಿಳಿಯಿತು, ಮೆಣಸಿನ ಉರಿ ಚುರುಗುಟ್ಟುವುದು ತಿಳಿಯಿತು. ಪೂರ್ತಿ ತಿಂದಳು. ತಟ್ಟೆಯಲ್ಲಿ ಉದುರಿದ ಚೂರುಗಳನ್ನು ಬೆರಳಿಗೆ ಅಂಟಿಸಿಕೊಂಡು ತಿಂದಳು.

"ಇದನ್ನ ಎಲ್ಲಿ ಕಲಿತೆ?"

"ಲಾಂಡ್ರಿಯಲ್ಲಿ. ಇಷ್ಟು ವರ್ಷದಿಂದ ನನ್ನ ಮಧ್ಯಾಹ್ನದ ಊಟ ಇದೇ. ನಿನಗೆ ಗೊತ್ತಾದ್ರೆ ಮೂಗು ಮುರೀತೀಯ ಅಂತ ಹೇಳಿರ್ಲಿಲ್ಲ."

ಅಮ್ಮ ಖಾಲಿ ತಟ್ಟೆಯನ್ನು ಪಕ್ಕಕ್ಕಿಟ್ಟಳು. "ನಾನೇನು ತಿಂತಿದ್ದೆ ಗೊತ್ತಾ?" ಅಂದಳು ಆಮೇಲೆ. "ಮದುವೆ ಊಟ ಎಲ್ಲ ಮುಗಿದು, ಪಾತ್ರೆ ತೊಳೆಯೋಕೆ ಹಾಕಿದ ಮೇಲೆ, ಹಿತ್ತಲಲ್ಲಿ ಒಂದು ಹಂಡೆ ಬೋರಲು ಹಾಕ್ಕೊಂಡು ಅದರ ಮೇಲೆ ಕೂತ್ಕೋತಿದ್ದೆ. ಒಣಗಿದ ಬ್ರೆಡ್ಡಿನ ತುದಿ ಇರತ್ತಲ್ಲ, ಅದನ್ನ ಮುರಿದು ಹಾಲಿಲ್ಲದ ಟೀಗೆ ಹಾಕಿ, ಮೇಲೆ ಒಂದು ಚಿಟಿಕೆ ಉಪ್ಪು."

"ಉಪ್ಪಾ? ಟೀಗಾ?"

"ಹೂಂ. ಬೆಳಗಿಂದ ಸಕ್ಕರೆ ಪಾಕದ ಮುಂದೆ ನಿಂತವಳಿಗೆ ಇನ್ನೇನು ಬೇಕು? ನಾನು ಮಾಡಿದ ಮದುವೆ ಊಟ ನಾನು ಒಂದು ದಿನವೂ ಉಂಡಿಲ್ಲ. ಅಡುಗೆಯವಳೇ ತನ್ನ ಅಡುಗೆ ಮುಟ್ಟಲ್ಲ ಅಂತ ಗೊತ್ತಾದ್ರೆ ಜನ ಏನಂದ್ಕೋತಾರೆ? ಅದಕ್ಕೆ ಕದ್ದು ತಿಂತಿದ್ದೆ." ಹೇಳುತ್ತಾ ಹೇಳುತ್ತಾ ಅವಳ ಮುಖದಲ್ಲಿ ಒಂದು ತುಂಟ ನಗು ಬಂತು. "ಎಂಥ ಸುಖ ಅನ್ನಿಸ್ತಿತ್ತು ಗೊತ್ತಾ ಅದು!"

ಆ ಮಧ್ಯಾಹ್ನದಿಂದ ಆ ಮನೆಯಲ್ಲಿ ಎಲ್ಲೂ ಇಲ್ಲದ ಊಟಗಳು ಶುರುವಾದವು. ಉಪ್ಪು ಹಾಕಿದ ಟೀಯನ್ನು ಚಿಕ್ಕವಳು ಕುಡಿದು ನೋಡಿ, ಮೊದಲು ಮುಖ ಹಿಂಡಿ, ಆಮೇಲೆ ಎರಡನೇ ಲೋಟ ಕೇಳಿದಳು. ತಣ್ಣನೆ ಅನ್ನಕ್ಕೆ ಕುದಿಯುವ ಹಾಲು ಸುರಿದು, ಮೇಲೆ ಹುರಿದ ಕಡಲೆಕಾಯಿ ಬೀಜ ಹಾಕಿ, ಅದು ಮೆತ್ತಗಾಗುವ ಮೊದಲೇ ಪೈಪೋಟಿಯಲ್ಲಿ ತಿಂದರು. ಗಂಡ ಲಾರಿ ಇಳಿದು ಬಂದವನು ಇದನ್ನೆಲ್ಲ ಕಂಡು, ತನ್ನದೂ ಒಂದಿದೆ ಎಂದು ಬಿಸ್ಕತ್ತುಗಳನ್ನು ಟೀಗೆ ಮುರಿದು ಹಾಕಿ, ಚಮಚ ನೆಟ್ಟಗೆ ನಿಲ್ಲುವವರೆಗೆ ಕಲಸಿದ. "ಇದು ಊಟಾನಾ, ಗೋಡೆ ಕಟ್ಟೋಕಾ?" ಅಂದಳು ಅಮ್ಮ. ಆದರೂ ಒಂದು ಚಮಚ ತಿಂದಳು. ಕೆನ್ನೆಯ ಮೇಲೆ ನಿಧಾನವಾಗಿ ಮಾಂಸ ಕೂತಿತು.

ಹಾಗಿರುವಾಗ ಒಂದು ದಿನ ದೊಡ್ಡವಳು ಹೇಳದೆ ಕೇಳದೆ ಬಂದಳು. ಕೈಯಲ್ಲಿ ಕ್ಯಾರಿಯರು. ಬಾಗಿಲು ತೆಗೆದರೆ ಅಮ್ಮನ ಬಾಯಿ ತುಂಬ ಬ್ರೆಡ್ಡು, ತುಟಿಯ ಮೇಲೆ ಬೆಣ್ಣೆ, ಎದುರಿಗೆ ಇಸ್ತ್ರಿಪೆಟ್ಟಿಗೆ.

"ಅಮ್ಮಾ!" ಅಂದಳು ದೊಡ್ಡವಳು. "ನಾನು ದಿನವಿಡೀ ಒಲೆ ಮುಂದೆ ನಿಂತು ಮಾಡಿದ್ದಕ್ಕೆ ಮುಖ ತಿರುಗಿಸಿದೆ. ಇಲ್ಲಿ ಇಸ್ತ್ರಿಪೆಟ್ಟಿಗೆ ಕೆಳಗಿಂದ ತೆಗೆದಿದ್ದು ತಿಂತಿದೀಯಾ?"

ಅಮ್ಮ ಬಾಯಲ್ಲಿದ್ದದ್ದನ್ನು ನುಂಗಿದಳು. "ನೀನು ಮಾಡಿದ್ದು ಬಾಯಿಗಿಟ್ಟರೆ, ಹೋಗಿರೋ ರುಚಿ ನೆನಪಾಗತ್ತೆ ಮಗಳೇ. ಅದರಲ್ಲಿ ಏನೇನಿರಬೇಕು ಅಂತ ನನಗೆ ಗೊತ್ತು, ಒಂದೂ ಸಿಗಲ್ಲ. ಇದರಲ್ಲಿ ನೆನಪಾಗೋಕೆ ಏನೂ ಇಲ್ಲ. ಬಿಸಿ ಇದೆ, ಸದ್ದಿದೆ. ಅಷ್ಟು ಸಿಗತ್ತೆ."

ದೊಡ್ಡವಳು ಕ್ಯಾರಿಯರನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಳು. ಚಿಕ್ಕವಳು ಹಿಂದೆಯೇ ಓಡಿದಳು.

"ಅಕ್ಕಾ, ನಿಲ್ಲು."

"ನೀನು ಗೆದ್ದೆ ಬಿಡು."

"ಗೆಲ್ಲೋಕೆ ಇದೇನು ಓಟದ ಪಂದ್ಯಾನಾ? ಅಡುಗೆಯಲ್ಲಿ ನಿನ್ನ ಮುಂದೆ ನಾನು ಯಾವತ್ತಾದ್ರೂ ನಿಂತಿದೀನಾ? ಅಮ್ಮ ಗುಣವಾಗ್ತಿದಾಳೆ, ಅದನ್ನ ನೋಡು." ಅಷ್ಟು ಹೇಳಿ, ಹೇಳಬೇಕೋ ಬೇಡವೋ ಎಂದು ತಡೆದು, ಹೇಳಿಯೇಬಿಟ್ಟಳು. "ಆದ್ರೆ ನನ್ನ ಬ್ರೆಡ್ಡನ್ನ ಹೀಯಾಳಿಸಬೇಡ. ಅದು ನಾನು ಕಂಡುಹಿಡಿದಿದ್ದು."

ದೊಡ್ಡವಳು ತಂಗಿಯನ್ನು ದಿಟ್ಟಿಸಿ ನೋಡಿದಳು. ಇಷ್ಟು ವರ್ಷದಲ್ಲಿ ತಂಗಿ ತನಗೆ ಎದುರು ಹೇಳಿದ್ದು ಅದೇ ಮೊದಲು. ಆಮೇಲೆ ತಿರುಗಿ ಹೊರಟುಹೋದಳು.

ಕೆಲವು ದಿನಗಳ ಮೇಲೆ, ಒಂದು ಬೆಳಿಗ್ಗೆ ಚಿಕ್ಕವಳು ಸ್ನಾನಕ್ಕೆ ಹೋಗಿದ್ದಾಗ ಒಳಗಿನಿಂದ ಅಮ್ಮ ಕಿರುಚಿದಳು. "ಏನೋ ಸೀಯ್ತಿದೆ! ಏಯ್, ಏನೋ ಸೀಯ್ತಿದೆ!" ಚಿಕ್ಕವಳು ಒದ್ದೆ ತಲೆಯಲ್ಲೇ ಓಡಿಬಂದಳು. ಒಲೆಯ ಮೇಲೆ ಮರೆತ ಹಾಲು ಪಾತ್ರೆಯ ತಳ ಹಿಡಿದಿತ್ತು. ಅವಳು ತಪ್ಪಾಯಿತು ಎನ್ನುವ ಮೊದಲೇ ಅಮ್ಮ ಎರಡೂ ಕೈಯಿಂದ ಅವಳ ಮುಖ ಹಿಡಿದುಕೊಂಡಳು. ಕಣ್ಣಲ್ಲಿ ನೀರು. "ನನಗೆ ವಾಸನೆ ಬಂತು ಕಣೇ. ಸೀದ ವಾಸನೆ ನನಗೇ ಬಂತು!" ಚಿಕ್ಕವಳು ಹಾಲಿನ ಪಾತ್ರೆಯನ್ನು ಹಾಗೇ ಇನ್ನಷ್ಟು ಹೊತ್ತು ಉರಿಯ ಮೇಲೆ ಬಿಟ್ಟಳು. ಇಬ್ಬರೂ ಹೊಗೆಯ ನಡುವೆ ನಿಂತು ಮೂಗರಳಿಸಿಕೊಂಡು ನಕ್ಕರು.

ಮೈಯಲ್ಲಿ ಬಲ ಬಂದ ಮೇಲೆ ಅಮ್ಮ ಒಂದು ಮಾತು ತೆಗೆದಳು. "ನಿನ್ನ ಲಾಂಡ್ರಿ ನೋಡಬೇಕು."

"ಅಲ್ಲೇನಿದೆ ನೋಡೋಕೆ? ಹಬೆ, ಗದ್ದಲ."

"ನನ್ನ ಅಡುಗೆ ಶೆಡ್ಡಿನಲ್ಲಿ ಇನ್ನೇನಿತ್ತು? ನಡಿ."

ಮೇಸ್ತ್ರಿಯ ಒಪ್ಪಿಗೆ ಕೇಳಿ, ಒಂದು ದಿನ ಅಮ್ಮನ ಕೈ ಹಿಡಿದು ನೆಲಮಾಳಿಗೆಗೆ ಇಳಿಸಿಕೊಂಡು ಹೋದಳು. ಯಂತ್ರದಣ್ಣ ಓಡಿಬಂದು ಕುರ್ಚಿ ಹಾಕಿದ. ಅಮ್ಮ ಕೂರಲಿಲ್ಲ. ಅಂದು ಮೇಲೆ ಔತಣವಿತ್ತು. ಚಿಕ್ಕವಳ ಮುಂದೆ ಬಿಳಿ ಮೇಜುಬಟ್ಟೆಗಳ ರಾಶಿ. ಅವಳು ಒಂದನ್ನು ಎಳೆದು ಹರಡಿ, ನೀರು ಚಿಮುಕಿಸಿ, ಪೆಟ್ಟಿಗೆಯನ್ನು ಒಂದೇ ಉಸಿರಿನಲ್ಲಿ ಈ ಅಂಚಿನಿಂದ ಆ ಅಂಚಿಗೆ ಕೊಂಡೊಯ್ದಳು. ಆಚೆ ಸುಕ್ಕು, ಈಚೆ ಸುಕ್ಕು, ಪೆಟ್ಟಿಗೆ ಹಾದುಹೋದ ಕಡೆ ಕೆನೆಗಟ್ಟಿದ ಹಾಲಿನಂಥ ಬಿಳುಪು. ತೋಳು, ಸೊಂಟ, ಕಾಲು ಎಲ್ಲವೂ ಒಟ್ಟಿಗೆ ತೂಗುತ್ತಿದ್ದವು. ಅಮ್ಮ ಕಣ್ಣು ಕದಲಿಸದೆ ನೋಡಿದಳು. ಮುಗಿದ ಬಟ್ಟೆಯ ಮೇಲೆ ಅಂಗೈ ಇಟ್ಟಳು. ಅದು ಇನ್ನೂ ಬೆಚ್ಚಗಿತ್ತು.

"ಜನ್ಮವೆಲ್ಲ ಇಂಥ ಬಟ್ಟೆ ಮೇಲೆ ಊಟ ಬಡಿಸಿದೆ" ಅಂದಳು. "ಇದನ್ನೊಬ್ಬರು ಇಸ್ತ್ರಿ ಮಾಡಿರ್ತಾರೆ ಅಂತ ಒಂದು ದಿನವೂ ಹೊಳೀಲಿಲ್ಲ ನೋಡು ನನಗೆ."

ಅಷ್ಟರಲ್ಲಿ ಹೋಟೆಲಿನ ಮುಖ್ಯ ಅಡುಗೆಯವನು ತನ್ನ ಇನ್ನೊಂದು ಕೋಟು ತೆಗೆದುಕೊಂಡು ಹೋಗಲು ಇಳಿದು ಬಂದ. ಚಿಕ್ಕ ವಯಸ್ಸಿನಲ್ಲಿ ಅಮ್ಮನ ಕೈಕೆಳಗೆ ಕೆಲಸ ಕಲಿತವನು ಅವನು. ಅಮ್ಮನನ್ನು ಕಂಡು ಹೌಹಾರಿದ. "ಅಮ್ಮಾ, ನೀವಿಲ್ಲಿ? ನಿಮ್ಮ ಮಗಳು ಯಾವುದೋ ಹೋಟೆಲಿನಲ್ಲಿದಾರೆ ಅಂತ ಕೇಳಿದ್ದೆ. ಯಾವ ಅಡುಗೆಮನೆಯಲ್ಲಿದಾರೆ?"

ಚಿಕ್ಕವಳು ತಲೆ ತಗ್ಗಿಸಿ ಪೆಟ್ಟಿಗೆಯ ವೈರು ಸರಿಮಾಡತೊಡಗಿದಳು.

"ಯಾವ ಅಡುಗೆಮನೆಯಲ್ಲೂ ಇಲ್ಲಪ್ಪ" ಅಂದಳು ಅಮ್ಮ. ಯಂತ್ರಗಳ ಗುಡುಗನ್ನು ಮೀರಿ, ಎಲ್ಲರಿಗೂ ಕೇಳುವಂತೆ. "ಇವಳೇ ನನ್ನ ಮಗಳು. ಇಸ್ತ್ರಿ ಮಾಡ್ತಾಳೆ. ನೀನು ಹಾಕಿರೋ ಕೋಟಿನ ಕಾಲರು ನೋಡ್ಕೋ, ಅದು ಇವಳದೇ ಕೈ."

ಅವನು ಕಾಲರನ್ನು ಮುಟ್ಟಿ ನೋಡಿಕೊಂಡ. "ಗರಿಗರಿ ಅಕ್ಕ ನಿಮ್ಮ ಮಗಳಾ!" ಅಂದ. "ಬನ್ನಿ ಅಮ್ಮಾ, ಮೇಲೆ ಬನ್ನಿ, ಇವತ್ತು ಊಟ ನಮ್ಮಲ್ಲೇ."

"ಇಲ್ಲಪ್ಪ. ಊಟಕ್ಕೆ ಇಲ್ಲೇ ಕರೆದಿದಾರೆ."

ಬಿಡುವಿನ ಗಂಟೆಯಾಯಿತು. ಮಡಿಸುವ ಮೇಜಿನ ಸುತ್ತ ಎಲ್ಲರೂ ನೆರೆದರು. ಚಿಕ್ಕವಳು ಮನೆಯಿಂದ ತಂದಿದ್ದ ಹಳೇ ಪೆಟ್ಟಿಗೆಯಲ್ಲಿ ಬ್ರೆಡ್ಡು ಒತ್ತಿದಳು. ಯಂತ್ರದಣ್ಣ ನಾಚಿಕೊಂಡು ತನ್ನ ಡಬ್ಬಿ ತೆರೆದ. ಒಳಗೆ ತಣ್ಣನೆ ಅನ್ನ, ಮೇಲೆ ಟೊಮೆಟೊ ಸಾಸು, ಬೇರೇನಿಲ್ಲ. ಮೇಸ್ತ್ರಿ ತಂದಿದ್ದು ಬೇಯಿಸಿದ ಮೊಟ್ಟೆ, ಅದನ್ನು ಜಾಮಿನಲ್ಲಿ ಅದ್ದಿ ತಿನ್ನುತ್ತೇನೆ ಎಂದು ಈ ಮೊದಲು ಅವನು ಯಾರಿಗೂ ಹೇಳಿರಲಿಲ್ಲ. ಅಮ್ಮ ಒಬ್ಬೊಬ್ಬರ ಡಬ್ಬಿಯಿಂದಲೂ ಒಂದೊಂದು ತುತ್ತು ತೆಗೆದುಕೊಂಡು, ದೊಡ್ಡ ಮದುವೆಯ ಅಡುಗೆಯನ್ನು ಪರೀಕ್ಷೆ ಮಾಡುವ ಅದೇ ಗಾಂಭೀರ್ಯದಿಂದ ಅಗಿದಳು. ಜಾಮು ಹಚ್ಚಿದ ಮೊಟ್ಟೆಯ ಸರದಿ ಬಂದಾಗ ಎಲ್ಲರೂ ತಮ್ಮ ತುತ್ತು ಬಿಟ್ಟು ಅವಳ ಬಾಯನ್ನೇ ನೋಡಿದರು.

"ಸಿಹಿ ಸ್ವಲ್ಪ ಗೊತ್ತಾಯ್ತು" ಅಂದಳು. "ಒಂದು ಚಿಟಿಕೆ ಮೆಣಸಿನಪುಡಿ ಬಿದ್ದರೆ ಇದು ಔತಣಕ್ಕೂ ಹೋಗತ್ತೆ."

ಮೇಸ್ತ್ರಿ ಆ ದಿನವಿಡೀ ಒಂದು ಅಡಿ ಎತ್ತರವಾಗಿ ಓಡಾಡಿದ. ಚಿಕ್ಕವಳು ಮಧ್ಯಾಹ್ನದ ಮೇಲೆ ಒತ್ತಿದ ಮೇಜುಬಟ್ಟೆಗಳಲ್ಲಂತೂ ಒಂದು ಎಳೆಯೂ ವಾರೆಯಾಗಲಿಲ್ಲ.

ಅಮ್ಮನಿಗೆ ರುಚಿ ಪೂರ್ತಿ ಮರಳಲಿಲ್ಲ. ಹುಳಿ ಬಂತು, ಸಿಹಿ ಬಂತು, ಕೆಲವು ಬರಲೇ ಇಲ್ಲ. ದೊಡ್ಡವಳ ಮನೆಗೆ ಮರಳಿದಳು. ರುಚಿ ನೋಡಿ ಹೇಳುವ ಕೆಲಸವನ್ನು ದೊಡ್ಡವಳೇ ಮಾಡಿಕೊಂಡಳು. ಅಮ್ಮ ಪಕ್ಕದಲ್ಲಿ ಕೂತು ಬಾಣಲೆಯ ಸದ್ದು ಕೇಳಿ ಹೇಳುತ್ತಿದ್ದಳು. ಯಾರಾದರೂ ಚಿಕ್ಕ ಮಗಳ ಬಗ್ಗೆ ಕೇಳಿದರೆ ಈಗ ಅವಳ ಉತ್ತರ ಉದ್ದವಾಗಿರುತ್ತಿತ್ತು, ಕೇಳಿದವರು ಗಡಿಯಾರ ನೋಡಿಕೊಳ್ಳುವಷ್ಟು.

ಮದುವೆಗಳ ಕಾಲ ಮುಗಿದ ಮೇಲೆ, ಒಂದು ಮಧ್ಯಾಹ್ನ ದೊಡ್ಡವಳು ತಂಗಿಯ ಮನೆಗೆ ಬಂದಳು. ಈ ಸಲ ಕೈಯಲ್ಲಿ ಕ್ಯಾರಿಯರು ಇರಲಿಲ್ಲ. ಬಂದವಳು ಚಪ್ಪಲಿ ಬಿಟ್ಟು, ಕಾಲು ನೋವು ಅಂದಳು, ಬಿಸಿಲು ಅಂದಳು, ಏನೇನೋ ಅಂದಳು. ಚಿಕ್ಕವಳು ಕೇಳುತ್ತಾ ಪೆಟ್ಟಿಗೆಯನ್ನು ಕಾಯಲಿಟ್ಟಳು.

"ಒಳಗೆ ಏನು ಹಾಕಲಿ ಅಕ್ಕ?"

"ಏನಾದ್ರೂ ಹಾಕು."

"ಏನಾದ್ರೂ ಅಂತ ಇಲ್ಲ ಇಲ್ಲಿ. ನಿನಗೇನು ಬೇಕು?"

ಯಾವ ಮನೆಯ ಅಳಿಯನಿಗೆ ಖಾರ ಆಗದು, ಯಾರ ಅಜ್ಜಿಗೆ ಮೆತ್ತಗೆ ಬೇಕು ಎಂದು ನಾಲಿಗೆಯ ತುದಿಯಲ್ಲಿಟ್ಟುಕೊಂಡವಳು ದೊಡ್ಡವಳು. "ನನಗೇನು ಇಷ್ಟ ಅಂತ ನನಗೇ ಗೊತ್ತಿಲ್ಲ ಕಣೇ" ಅಂದಳು ಕೊನೆಗೆ, ತನಗೇ ಆಶ್ಚರ್ಯವಾದ ಹಾಗೆ. "ಯಾರೂ ಕೇಳಿಲ್ಲ."

ಚಿಕ್ಕವಳು ಮನೆಯಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಹರಡಿದಳು. ಆಲೂಗಡ್ಡೆ, ಈರುಳ್ಳಿ, ಬಾಳೆಹಣ್ಣು, ಬೆಲ್ಲ, ನಿಂಬೆಹಣ್ಣು, ಕಡಲೆಕಾಯಿ ಬೀಜ. ಮೊದಲನೆಯದನ್ನು ದೊಡ್ಡವಳು ಒಂದು ತುತ್ತು ತಿಂದು ತಕ್ಕಡಿ ಹಿಡಿದವಳ ಹಾಗೆ, "ಉಪ್ಪು ಸರಿಯಿದೆ" ಅಂದಳು.

"ಉಪ್ಪಿನ ಮಾತು ಬಿಡು. ಇಷ್ಟ ಆಯ್ತಾ?"

"ಇಲ್ಲ."

"ಒಳ್ಳೇದಾಯ್ತು. ಇನ್ನೊಂದು ನೋಡೋಣ."

ಬಾಳೆಹಣ್ಣೂ ಆಗಲಿಲ್ಲ. ಮೂರನೆಯದಕ್ಕೆ ದೊಡ್ಡವಳೇ ಎದ್ದುಬಂದು, ಬೆಲ್ಲದ ತುರಿಯ ಮೇಲೆ ಹಸಿ ಈರುಳ್ಳಿಯ ಚೂರು ಹಾಕಿ, ಅದರ ಮೇಲೆ ನಿಂಬೆ ಹಿಂಡಿದಳು. ಯಾವ ಮದುವೆಯಲ್ಲಿ ಬಡಿಸಿದರೂ ಬಂದವರು ಎದ್ದುಹೋಗುವಂಥದ್ದು. ಚಿಕ್ಕವಳು ಮಡಚಿ, ಒತ್ತಿ, ಮಗುಚಿ, ತಟ್ಟೆಗೆ ಹಾಕಿ ಕೊಟ್ಟಳು.

ದೊಡ್ಡವಳು ಕಚ್ಚಿದಳು. ಅಗಿದಳು. ಗಲ್ಲದ ಮೇಲೆ ಬೆಲ್ಲದ ಪಾಕ ಇಳಿಯಿತು, ಒರೆಸಿಕೊಳ್ಳಲಿಲ್ಲ. ಕಾಲನ್ನು ಮಡಚಿ ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು, ಕಿಟಕಿಯ ಕಡೆ ಮುಖಮಾಡಿ ಕೂತಳು. ತಂಗಿ ರುಚಿ ನೋಡಲೆಂದು ಕೈ ಚಾಚಿದಾಗ ತಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡಳು.

"ಇದು ನಂದು" ಅಂದಳು. "ನಿನಗೆ ಬೇಕಾದ್ರೆ ಬೇರೆ ಒತ್ಕೋ."